ಜ್ವರ ಇದ್ದರೆ ಹೇಳಬೇಕಾ, ಮುಚ್ಚಿಡಬೇಕಾ? ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಗಡಿಗಳ ಆರೋಗ್ಯ ಕಾವಲು: ಗಲ್ಫ್ ಕನ್ನಡಿಗರು ತಿಳಿದಿರಬೇಕಾದ್ದು

ಗಲ್ಫ್‌ನಲ್ಲಿ ದುಡಿಯುವ ನಮ್ಮವರಿಗೆ 'ಮೆಡಿಕಲ್' ಅನ್ನುವ ಪದದ ತೂಕ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ವಾಫಿದ್ ಕೇಂದ್ರದಲ್ಲಿ ರಕ್ತ, ಎಕ್ಸ್‌ರೇ. ಅಲ್ಲಿ ಇಳಿದ ಮೇಲೆ ಇಕಾಮಾಕ್ಕೋ ರೆಸಿಡೆನ್ಸಿಗೋ ಮತ್ತೊಮ್ಮೆ ರಕ್ತ, ಎಕ್ಸ್‌ರೇ. 'ಅನ್‌ಫಿಟ್' ಅಂತ ಬಂದರೆ ಏಜೆಂಟನಿಗೆ ಕೊಟ್ಟ ದುಡ್ಡೂ ಹೋಯಿತು, ಕೆಲಸವೂ ಹೋಯಿತು. ಈ ಭಯದಿಂದಲೇ ನಮ್ಮಲ್ಲಿ ಒಂದು ಅಭ್ಯಾಸ ಬೆಳೆದಿದೆ: ವಿಮಾನ ಹತ್ತುವ ಹೊತ್ತಿಗೆ ಮೈ ಬಿಸಿ ಇದ್ದರೆ ಎರಡು ಪನಡಾಲ್ ನುಂಗಿ ಸುಮ್ಮನಿರುವುದು.

ಆದರೆ ಎಲ್ಲ ಗಡಿಗಳೂ ಒಂದೇ ಥರ ಇರುವುದಿಲ್ಲ. ದುಬೈ, ದೋಹಾ, ಜಿದ್ದಾದಲ್ಲಿ ಹತ್ತಿಪ್ಪತ್ತು ವರ್ಷ ದುಡಿದವರ ಮಕ್ಕಳು ಇಂದು ಓದಿಗೆ, ಕೆಲಸಕ್ಕೆ ಕ್ಯಾಲಿಫೋರ್ನಿಯಾ ಸೇರುತ್ತಿದ್ದಾರೆ. ಮಗಳ ಬಾಣಂತನಕ್ಕೆ, ಮೊಮ್ಮಗನ ನಾಮಕರಣಕ್ಕೆ ಅಂತ ಅಪ್ಪ-ಅಮ್ಮ ಗಲ್ಫ್ ಮೂಲಕವೇ ಲಾಸ್ ಏಂಜಲೀಸಿಗೆ ವಿಮಾನ ಹತ್ತುತ್ತಾರೆ. ಅಲ್ಲಿನ ಗಡಿಯಲ್ಲಿ ರೋಗ ತಡೆಯುವ ವ್ಯವಸ್ಥೆ ಹೇಗಿದೆ, ಹುಷಾರಿಲ್ಲದಿದ್ದರೆ ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಅನ್ನುವುದನ್ನು ಇಲ್ಲಿ ವಿವರಿಸಲಾಗಿದೆ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೂ ಇದರಲ್ಲಿ ತಿಳಿಯಬೇಕಾದ್ದು ಇದೆ.

ಪೋರ್ಟ್ ಹೆಲ್ತ್ ಅಂದರೆ ಏನು?

ಬಂದರು, ವಿಮಾನ ನಿಲ್ದಾಣ, ನೆಲದ ಗಡಿ - ಈ ಮೂರು ಬಾಗಿಲುಗಳ ಮೂಲಕ ಸಾಂಕ್ರಾಮಿಕ ರೋಗ ಒಳಬಾರದಂತೆ ನೋಡಿಕೊಳ್ಳುವ ಕಚೇರಿಗೆ ಪೋರ್ಟ್ ಹೆಲ್ತ್ ಅನ್ನುತ್ತಾರೆ. ಪಾಸ್‌ಪೋರ್ಟ್ ನೋಡುವವರು ಬೇರೆ, ಸಾಮಾನು ನೋಡುವವರು ಬೇರೆ, ಇವರು ಬೇರೆ. ಭಾರತದಲ್ಲಿ ಈ ಕೆಲಸ ಕೇಂದ್ರ ಆರೋಗ್ಯ ಇಲಾಖೆಯ ಅಡಿಯಲ್ಲಿರುವ ಏರ್‌ಪೋರ್ಟ್ ಹೆಲ್ತ್ ಮತ್ತು ಪೋರ್ಟ್ ಹೆಲ್ತ್ ಕಚೇರಿಗಳದ್ದು. ಆಫ್ರಿಕಾದಿಂದ ಬರುವವರ ಹಳದಿ ಜ್ವರದ ಕಾರ್ಡ್ ಕೇಳುವವರು ಇವರೇ.

ಅಮೆರಿಕದಲ್ಲಿ ಇದು ಸಿಡಿಸಿ ಅನ್ನುವ ಕೇಂದ್ರ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆಯ ಹೊಣೆ. ಹಿಂದೆ ಇವುಗಳಿಗೆ ಕ್ವಾರಂಟೈನ್ ಸ್ಟೇಷನ್ ಅಂತ ಹೆಸರಿತ್ತು, ಈಗ ಪೋರ್ಟ್ ಹೆಲ್ತ್ ಸ್ಟೇಷನ್ ಅನ್ನುತ್ತಾರೆ. 1967ರಲ್ಲಿ ಈ ಜವಾಬ್ದಾರಿ ಸಿಡಿಸಿಗೆ ಬಂದಾಗ ದೇಶದಲ್ಲಿ 55 ಕೇಂದ್ರಗಳಿದ್ದವು. ಸಿಡುಬು ಹೋಯಿತು, ಆಂಟಿಬಯೋಟಿಕ್ ಬಂತು, ಇನ್ನು ಇವು ಯಾಕೆ ಅನ್ನುವ ಭಾವನೆ ಬಂದು ಒಂದೊಂದೇ ಮುಚ್ಚಿ 1995ರ ಹೊತ್ತಿಗೆ ಬರೇ 7 ಉಳಿದವು. 2003ರಲ್ಲಿ ಸಾರ್ಸ್ ಬಂದು ಹೆದರಿಸಿದ ಮೇಲೆ ಮತ್ತೆ ಹೆಚ್ಚಿಸಿ 20ಕ್ಕೆ ತಂದರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎರಡು ಕೇಂದ್ರಗಳಿವೆ. ಒಂದು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ, ಇನ್ನೊಂದು ಮೆಕ್ಸಿಕೋ ಗಡಿಯನ್ನು ನೋಡಿಕೊಳ್ಳುವ ಸ್ಯಾನ್ ಡಿಯಾಗೋದಲ್ಲಿ.

ಸಿಬ್ಬಂದಿ ಮೊದಲೇ ಕಡಿಮೆ. 2025ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ ಹೊಸ ನೌಕರರನ್ನು ಸಾಮೂಹಿಕವಾಗಿ ತೆಗೆದಾಗ ಈ ಕೇಂದ್ರಗಳಲ್ಲೂ ಕೆಲವರು ಕೆಲಸ ಕಳೆದುಕೊಂಡರು. ಹಾಗಾಗಿ ಪ್ರತಿ ಪ್ರಯಾಣಿಕನ ಮುಂದೆ ಒಬ್ಬ ಡಾಕ್ಟರ್ ನಿಂತಿರುತ್ತಾರೆ ಅಂತ ಯಾರೂ ಅಂದುಕೊಳ್ಳಬೇಡಿ. ಮೊದಲ ಕಣ್ಣು ವಿಮಾನದ ಸಿಬ್ಬಂದಿಯದ್ದು, ಎರಡನೇ ಕಣ್ಣು ಪಾಸ್‌ಪೋರ್ಟ್ ಕೌಂಟರಿನ ಅಧಿಕಾರಿಯದ್ದು. ಅವರಿಗೆ ಸಂಶಯ ಬಂದರೆ ಮಾತ್ರ ಪೋರ್ಟ್ ಹೆಲ್ತ್‌ನವರು ಬರುತ್ತಾರೆ.

ಕಮರಾನ್ ದ್ವೀಪದಿಂದ ಲಾಸ್ ಏಂಜಲೀಸ್‌ವರೆಗೆ

ಕ್ವಾರಂಟೈನ್ ಪದ ಬಂದಿರುವುದು ಇಟಲಿ ಭಾಷೆಯ 'ನಲವತ್ತು' ಅನ್ನುವ ಶಬ್ದದಿಂದ. ಪ್ಲೇಗ್ ಕಾಲದಲ್ಲಿ ಹಡಗುಗಳನ್ನು ಆಡ್ರಿಯಾಟಿಕ್ ಸಮುದ್ರದ ಬಂದರುಗಳಲ್ಲಿ ಮೊದಲು 30 ದಿನ, ಆಮೇಲೆ 40 ದಿನ ದೂರ ನಿಲ್ಲಿಸುತ್ತಿದ್ದರು. ನಮ್ಮ ಕಡೆಯ ಹಿರಿಯರಿಗೆ ಇದರ ಅನುಭವ ಆದದ್ದು ಹಜ್ ದಾರಿಯಲ್ಲಿ. 1865ರಲ್ಲಿ ಮಕ್ಕಾದಲ್ಲಿ ಹಬ್ಬಿದ ಕಾಲರಾ ಯುರೋಪಿನವರೆಗೂ ಹೋದ ಮೇಲೆ, 1880ರ ದಶಕದಿಂದ ಯೆಮನ್ ತೀರದ ಕಮರಾನ್ ದ್ವೀಪದಲ್ಲಿ ಹಜ್ ಹಡಗುಗಳನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಶುರುವಾಯಿತು. ಮುಂಬೈಯಿಂದ ಹೊರಟ ಯಾತ್ರಿಕರು ಆ ಬಿಸಿಲಿನ ದ್ವೀಪದಲ್ಲಿ ದಿನಗಟ್ಟಲೆ ಕಾದು, ಬಟ್ಟೆಬರೆ ಶುಚಿ ಮಾಡಿಸಿಕೊಂಡು, ಆಮೇಲೆ ಜಿದ್ದಾ ಸೇರುತ್ತಿದ್ದರು.

ಕರ್ನಾಟಕವನ್ನೂ ಕ್ಯಾಲಿಫೋರ್ನಿಯಾವನ್ನೂ ಕಟ್ಟಿಹಾಕಿದ ರೋಗ ಪ್ಲೇಗ್. 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬೈ, 1898ರಲ್ಲಿ ಬೆಂಗಳೂರು, 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ. ಹಡಗಿನ ಇಲಿಗಳ ಜೊತೆ, ರೈಲಿನ ಜನರ ಜೊತೆ ಒಂದೇ ಪಿಡುಗು ಇಷ್ಟು ದೂರ ಹೋಯಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಗಾಳಿ-ಬೆಳಕಿನ ಊರಾಗಿ ಎದ್ದದ್ದು ಈ ಪ್ಲೇಗಿನ ಬೆನ್ನಿಗೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾಪಾರ ಹಾಳಾದೀತು ಅಂತ ರಾಜ್ಯದ ಗವರ್ನರ್ ಹೆನ್ರಿ ಗೇಜ್ ಅವರೇ ಪ್ಲೇಗ್ ಇಲ್ಲ ಅಂತ ವಾದಿಸಿದರು. ಅಷ್ಟರಲ್ಲಿ ಕಾಯಿಲೆ ಕ್ಯಾಲಿಫೋರ್ನಿಯಾದ ಇಲಿ, ಅಳಿಲುಗಳಲ್ಲಿ ಬೇರುಬಿಟ್ಟಿತು.

ಅದರ ಬೆಲೆ ತೆತ್ತದ್ದು 1924ರಲ್ಲಿ ಲಾಸ್ ಏಂಜಲೀಸ್. ಅಲ್ಲಿನ ಮೆಕ್ಸಿಕನ್ ಕೂಲಿಕಾರರ ಬೀದಿಯಲ್ಲಿ ಸಾವುಗಳಾದಾಗ ಮೊದಲು ನ್ಯುಮೋನಿಯಾ ಅಂತ ತಿಳಿದರು. ರೋಗಿಯನ್ನು ನೋಡಿಕೊಂಡವರಿಗೆ, ಅಂತ್ಯಕ್ರಿಯೆಗೆ ಬಂದವರಿಗೆ ಹರಡಿತು. 30ಕ್ಕೂ ಹೆಚ್ಚು ಜನ ಸತ್ತರು. ಇಡೀ ಬೀದಿಗೆ ಹಗ್ಗ ಕಟ್ಟಿ ಕಾವಲು ಹಾಕಿದರು, ಮನೆಗಳನ್ನು ಕೆಡವಿದರು. ಅಮೆರಿಕದ ನಗರವೊಂದರಲ್ಲಿ ಪ್ಲೇಗ್ ಹಬ್ಬಿದ್ದು ಅದೇ ಕೊನೆ. ಬಡ ವಲಸೆ ಕಾರ್ಮಿಕರ ಬೀದಿಗೆ ಡಾಕ್ಟರಿಗಿಂತ ಮೊದಲು ಪೊಲೀಸ್ ಬಂದರೆ ಮುಂದಿನ ಸಲ ಜನ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಇದು ಆಗಲೂ ನಿಜ, ಈಗಲೂ ನಿಜ.

ಲಾಸ್ ಏಂಜಲೀಸ್‌ನಲ್ಲಿ ಇಳಿಯುವಾಗ ಏನಾಗುತ್ತದೆ?

ಅಮೆರಿಕದ ನಿಯಮದಂತೆ ವಿಮಾನದಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅಥವಾ ತೀರಿಕೊಂಡರೆ ಇಳಿಯುವ ಮೊದಲೇ ಕ್ಯಾಪ್ಟನ್ ತಿಳಿಸಬೇಕು. ಎಲ್ಲ ತಲೆನೋವಿಗೂ ಇದು ಅನ್ವಯಿಸುವುದಿಲ್ಲ. ಮುಖ್ಯವಾಗಿ ನೋಡುವುದು ಇವನ್ನು:

- 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರದ ಜೊತೆಗೆ ಮೈಮೇಲೆ ದದ್ದು, ಉಸಿರಾಟದ ತೊಂದರೆ, ಬಿಡದ ಕೆಮ್ಮು, ಮಂಪರು, ಕಾರಣವಿಲ್ಲದ ರಕ್ತಸ್ರಾವ, ವಾಂತಿ ಅಥವಾ ಭೇದಿ
- ಎರಡು ದಿನಕ್ಕಿಂತ ಹೆಚ್ಚು ಕಾಲ ಬಿಡದ ಜ್ವರ
- ನೋಡಿದ ಕೂಡಲೇ ತುಂಬ ಹುಷಾರಿಲ್ಲ ಅಂತ ಗೊತ್ತಾಗುವ ಸ್ಥಿತಿ

ವರದಿ ಹೋದರೆ ಪೋರ್ಟ್ ಹೆಲ್ತ್ ಸಿಬ್ಬಂದಿ ವಿಮಾನದ ಬಾಗಿಲಲ್ಲೋ ಒಳಗೋ ಬಂದು ಮಾತಾಡಿಸುತ್ತಾರೆ. ಎಲ್ಲಿಂದ ಬಂದಿರಿ, ಯಾವ ದಿನ ಜ್ವರ ಶುರುವಾಯಿತು, ಯಾರ ಜೊತೆ ಇದ್ದಿರಿ, ಯಾವ ಲಸಿಕೆ ಆಗಿದೆ ಅಂತ ಕೇಳುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಮಾಸ್ಕ್ ಕೊಟ್ಟು, ಮುಂದೆ ಏನು ಮಾಡಬೇಕು ಅಂತ ಹೇಳಿ ಕಳುಹಿಸುತ್ತಾರೆ. ಅಪಾಯ ಅನ್ನಿಸಿದರೆ ಆಸ್ಪತ್ರೆಗೆ.

ಕಾನೂನು ಪ್ರಕಾರ ಬಲವಂತವಾಗಿ ಪ್ರತ್ಯೇಕ ಇಡಲು ಅವಕಾಶ ಇರುವುದು ಕೆಲವೇ ಕಾಯಿಲೆಗಳಿಗೆ: ಕಾಲರಾ, ಡಿಫ್ತೀರಿಯಾ, ಹರಡುವ ಹಂತದ ಟಿಬಿ, ಪ್ಲೇಗ್, ಸಿಡುಬು, ಹಳದಿ ಜ್ವರ, ಎಬೋಲಾದಂಥ ರಕ್ತಸ್ರಾವದ ಜ್ವರಗಳು, ಸಾರ್ಸ್ ಮಾದರಿಯ ಉಸಿರಾಟದ ರೋಗಗಳು, ಮಹಾಮಾರಿಯಾಗಬಲ್ಲ ಹೊಸ ಫ್ಲೂ. 2021ರಲ್ಲಿ ದಡಾರ, ಅಂದರೆ ಮೀಸಲ್ಸ್ ಕೂಡ ಸೇರಿತು. ಹಾಗೆ ಇಟ್ಟರೂ ಲಿಖಿತ ಆದೇಶ ಕೊಡಬೇಕು, 72 ಗಂಟೆಯೊಳಗೆ ಅದನ್ನು ಮರುಪರಿಶೀಲಿಸಬೇಕು, ಭಾಷೆ ಬರದವರಿಗೆ ದುಭಾಷಿ ಒದಗಿಸಬೇಕು.

ಗಲ್ಫ್ ವಿಮಾನಕ್ಕೆ ಸಂಬಂಧಿಸಿದ ಒಂದು ಘಟನೆ ಹಲವರಿಗೆ ನೆನಪಿರಬಹುದು. 2018ರ ಸೆಪ್ಟೆಂಬರ್ 5ರಂದು ದುಬೈಯಿಂದ ನ್ಯೂಯಾರ್ಕಿಗೆ ಹೋದ ಎಮಿರೇಟ್ಸ್ ವಿಮಾನದಲ್ಲಿ 500ಕ್ಕೂ ಹೆಚ್ಚು ಜನರಿದ್ದರು, ಸುಮಾರು ನೂರು ಮಂದಿ ಕೆಮ್ಮು-ಜ್ವರ ಅಂತ ಹೇಳಿದರು. ಹಜ್ ಮುಗಿಸಿ ಬಂದವರೂ ಇದ್ದರು. ವಿಮಾನವನ್ನು ದೂರ ನಿಲ್ಲಿಸಿ ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಸುಮಾರು ಹತ್ತು ಮಂದಿಯನ್ನು ಆಸ್ಪತ್ರೆಗೆ ಕಳುಹಿಸಿದರು, ಉಳಿದವರು ಅಂದೇ ಮನೆಗೆ ಹೋದರು. ಕೊನೆಗೆ ಮುಖ್ಯವಾಗಿ ಕಂಡದ್ದು ಫ್ಲೂ. ಟಿವಿಯಲ್ಲಿ ಆಂಬುಲೆನ್ಸ್ ಸಾಲು ನೋಡಿ ಭಯವಾದರೂ ಪ್ರಯಾಣಿಕರಿಗೆ ಆದ ನಷ್ಟ ಕೆಲವು ಗಂಟೆ ಮಾತ್ರ.

ಥರ್ಮಾಮೀಟರಿಗೆ ಸಿಗದ ಕಾಯಿಲೆ

2020ರ ಜನವರಿ 17ರಂದು ವುಹಾನ್‌ನಿಂದ ಬರುವವರ ತಪಾಸಣೆ ಶುರುವಾದ ಮೊದಲ ಮೂರು ಅಮೆರಿಕನ್ ನಿಲ್ದಾಣಗಳಲ್ಲಿ ಲಾಸ್ ಏಂಜಲೀಸ್ ಒಂದು. ಆಮೇಲೆ ಇನ್ನಷ್ಟು ನಿಲ್ದಾಣಗಳು ಸೇರಿದವು. ಸೆಪ್ಟೆಂಬರ್ ಮಧ್ಯದವರೆಗೆ ಎಲ್ಲ ಕಡೆ ಸೇರಿ 7.66 ಲಕ್ಷ ಪ್ರಯಾಣಿಕರನ್ನು ಪರೀಕ್ಷಿಸಿದರು. ಹಾಗೆ ಸಿಕ್ಕ ಕೋವಿಡ್ ರೋಗಿಗಳು 9 ಮಂದಿ. ಅಂದರೆ 85 ಸಾವಿರ ಜನರಿಗೆ ಒಬ್ಬರು! ಲಕ್ಷಣ ಕಾಣುವ ಮೊದಲೇ ರೋಗ ಪ್ರಯಾಣ ಮಾಡಿತ್ತು, ಮಾತ್ರೆ ನುಂಗಿದವರ ಜ್ವರ ಯಂತ್ರಕ್ಕೆ ಕಾಣಲಿಲ್ಲ.

ಅದೇ ಜನವರಿ 26ರಂದು ಲಾಸ್ ಏಂಜಲೀಸ್ ಕೌಂಟಿ ತನ್ನ ಮೊದಲ ಪ್ರಕರಣ ಘೋಷಿಸಿತು. ಆತ ವುಹಾನ್‌ನಿಂದ ಬಂದಿದ್ದ ಪ್ರಯಾಣಿಕ. ನನಗೆ ಹುಷಾರಿಲ್ಲ ಅಂತ ತಾನಾಗಿಯೇ ಚಿಕಿತ್ಸೆಗೆ ಮುಂದೆ ಬಂದವರು. ಲಕ್ಷಗಟ್ಟಲೆ ಜನರ ಹಣೆಗೆ ಯಂತ್ರ ಹಿಡಿದು ಸಿಕ್ಕದ್ದು ಒಂಬತ್ತು, ಇಲ್ಲಿ ಒಬ್ಬರ ಬಾಯಿಮಾತೇ ಕೆಲಸ ಮಾಡಿತು.

ನಮ್ಮ ಕಡೆಯ ಅನುಭವವೂ ಹೀಗೆಯೇ. 2020ರ ಫೆಬ್ರವರಿ 29ರಂದು ಸೌದಿಯಿಂದ ಹೈದರಾಬಾದಿಗೆ ಬಂದಿಳಿದ ಕಲಬುರಗಿಯ 76 ವರ್ಷದ ಹಿರಿಯರಿಗೆ ವಿಮಾನ ನಿಲ್ದಾಣದಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಮಾರ್ಚ್ 10ರಂದು ಅವರು ತೀರಿಕೊಂಡರು. ಭಾರತದ ಮೊದಲ ಕೋವಿಡ್ ಸಾವು ಅದು. ಅದೇ ಮಾರ್ಚ್ ಆರಂಭದಲ್ಲಿ ದುಬೈಯಿಂದ ಮಂಗಳೂರಿಗೆ ಬಂದ, ಜ್ವರವಿದ್ದ ಪ್ರಯಾಣಿಕರೊಬ್ಬರು ಆಸ್ಪತ್ರೆಯಿಂದ ರಾತ್ರಿ ಎದ್ದು ಹೊರಟುಹೋಗಿ ಊರೆಲ್ಲ ಸುದ್ದಿಯಾಯಿತು. ಆಮೇಲೆ ಪರೀಕ್ಷೆಯಲ್ಲಿ ಕೋವಿಡ್ ಇಲ್ಲ ಅಂತ ಬಂತು. ಕಾಯಿಲೆ ಇರಲಿಲ್ಲ, ಭಯ ಮಾತ್ರ ಇತ್ತು. ಮೇ 12ರಂದು ಮಂಗಳೂರಿಗೆ ಬಂದ ಮೊದಲ ವಂದೇ ಭಾರತ್ ವಿಮಾನದವರಲ್ಲಿ ಹಲವರಿಗೆ ಸೋಂಕು ಗೊತ್ತಾದದ್ದೂ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಲ್ಲ, ಆಮೇಲೆ ಕ್ವಾರಂಟೈನ್‌ನಲ್ಲಿ.

2021ರಿಂದ ಅಮೆರಿಕದವರು ಬೇರೆ ದಾರಿಯನ್ನೂ ಹಿಡಿದಿದ್ದಾರೆ. ಕೆಲವು ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಷ್ಟವಿದ್ದ ಪ್ರಯಾಣಿಕರಿಂದ ಮೂಗಿನ ಸ್ವಾಬ್ ತೆಗೆದುಕೊಳ್ಳುತ್ತಾರೆ, ದೂರದಿಂದ ಬಂದ ವಿಮಾನಗಳ ಶೌಚಾಲಯದ ನೀರನ್ನೂ ಪರೀಕ್ಷಿಸುತ್ತಾರೆ. ಲಾಸ್ ಏಂಜಲೀಸ್ ಕೂಡ ಇದರಲ್ಲಿ ಸೇರಿದೆ. ಯಾರದ್ದು ಅಂತ ಗುರುತಿಸದೆಯೇ ಯಾವ ಹೊಸ ವೈರಸ್ ಬಂದಿದೆ ಅಂತ ತಿಳಿಯುವ ಉಪಾಯ ಇದು. ಸ್ವಾಬ್ ಕೇಳಿದರೆ ಕೊಡಬಹುದು, ಬೇಡ ಅನ್ನಬಹುದು.

ಸ್ಯಾನ್ ಡಿಯಾಗೋ: ನೆಲದ ಗಡಿ ಮತ್ತು ಟಿಬಿ

ಲಾಸ್ ಏಂಜಲೀಸಿನಿಂದ ದಕ್ಷಿಣಕ್ಕೆ ಎರಡು-ಮೂರು ಗಂಟೆ ಕಾರಲ್ಲಿ ಹೋದರೆ ಸ್ಯಾನ್ ಡಿಯಾಗೋ. ಅದರಾಚೆ ಮೆಕ್ಸಿಕೋದ ಟಿಜುವಾನಾ. 19ನೇ ಶತಮಾನದ ಕೊನೆಯಲ್ಲಿ ಇಲ್ಲಿನ ಪಾಯಿಂಟ್ ಲೋಮಾ ಕಡಲಂಚಿನಲ್ಲಿ ಹಡಗುಗಳ ಕ್ವಾರಂಟೈನ್ ಕೇಂದ್ರ ಇತ್ತು. ಈಗ ಇಲ್ಲಿನ ದೊಡ್ಡ ಕೆಲಸ ನೆಲದ ಗಡಿಯದ್ದು. ಸ್ಯಾನ್ ಇಸಿಡ್ರೋ ಗಡಿದ್ವಾರ ಪ್ರಪಂಚದಲ್ಲೇ ಅತಿ ಹೆಚ್ಚು ಜನ ದಾಟುವ ಗಡಿಗಳಲ್ಲಿ ಒಂದು. ಬೆಳಿಗ್ಗೆ ದಾಟಿ ಕೆಲಸಕ್ಕೆ ಬಂದು ಸಂಜೆ ಮನೆಗೆ ಹೋಗುವವರು ಅಲ್ಲಿ ಸಾವಿರಾರು ಮಂದಿ. ಸೌದಿ-ಬಹ್ರೈನ್ ಸೇತುವೆ ದಾಟಿ ಕೆಲಸಕ್ಕೆ ಹೋದವರಿಗೆ ಆ ಚಿತ್ರ ಅರ್ಥವಾಗುತ್ತದೆ.

ಇಂಥ ಕಡೆ ಎಲ್ಲರ ಎಕ್ಸ್‌ರೇ ತೆಗೆಯುವುದು ಸಾಧ್ಯವಿಲ್ಲ. ಅದಕ್ಕೆ ಸ್ಯಾನ್ ಡಿಯಾಗೋದವರು ಕಂಡುಕೊಂಡ ದಾರಿ ಗಲ್ಫ್ ಕಾರ್ಮಿಕರು ಗಮನಿಸಬೇಕಾದ್ದು. 1997ರಲ್ಲಿ ಸ್ಯಾನ್ ಡಿಯಾಗೋ ಕೌಂಟಿ 'ಕ್ಯೂರ್ ಟಿಬಿ' ಅನ್ನುವ ವ್ಯವಸ್ಥೆ ಶುರು ಮಾಡಿತು, ಈಗ ಅದನ್ನು ಸಿಡಿಸಿ ನಡೆಸುತ್ತಿದೆ. ಟಿಬಿ ಮಾತ್ರೆ ನುಂಗುತ್ತಿರುವ ವ್ಯಕ್ತಿ ದೇಶ ಬಿಟ್ಟು ಹೋಗುವಾಗ ಅವರ ಕಾಗದಪತ್ರ, ಯಾವ ಮದ್ದು, ಎಷ್ಟು ತಿಂಗಳು ಆಯಿತು ಅನ್ನುವ ಮಾಹಿತಿಯನ್ನು ಹೋಗುವ ದೇಶದ ಟಿಬಿ ವಿಭಾಗಕ್ಕೆ ಮುಟ್ಟಿಸುತ್ತಾರೆ. ರೋಗಿಗೇ ಫೋನ್ ಮಾಡಿ, ಇಂಥ ಊರಲ್ಲಿ ಇಂಥ ಕ್ಲಿನಿಕ್‌ಗೆ ಹೋಗಿ ಅಂತ ಹೇಳುತ್ತಾರೆ. ಗಡಿಪಾರಾಗಿ ಹೋಗುವವರಿಗೂ ಈ ಸೇವೆ ಇದೆ. ಟಿಬಿ ಮದ್ದು ಕನಿಷ್ಠ ಕೆಲವು ತಿಂಗಳು, ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. ನಡುವೆ ಬಿಟ್ಟರೆ ಮದ್ದಿಗೆ ಬಗ್ಗದ ಟಿಬಿಯಾಗಿ ತಿರುಗುತ್ತದೆ. ಮನುಷ್ಯ ಎಲ್ಲಿಗೆ ಹೋದರೂ ಮದ್ದು ಹಿಂದೆಯೇ ಹೋಗಬೇಕು ಅನ್ನುವುದು ಇದರ ಲೆಕ್ಕ.

ನಮ್ಮಲ್ಲಿ ಆಗುವುದೇನು? ಗಲ್ಫ್ ನಿಯಮದಂತೆ ಹೊಸದಾಗಿ ಹೋಗುವವರ ಎಕ್ಸ್‌ರೇಯಲ್ಲಿ ಹಳೆಯ, ಗುಣವಾದ ಟಿಬಿಯ ಕಲೆ ಕಂಡರೂ ಅನ್‌ಫಿಟ್. ಯುಎಇ 2016ರಲ್ಲಿ ಸಡಿಲ ಮಾಡಿ, ರೆಸಿಡೆನ್ಸಿ ನವೀಕರಿಸುವಾಗ ಟಿಬಿ ಸಿಕ್ಕವರಿಗೆ ಅಲ್ಲೇ ಚಿಕಿತ್ಸೆ ಕೊಟ್ಟು ಷರತ್ತಿನ ಮೇಲೆ ಮುಂದುವರಿಸುವ ವ್ಯವಸ್ಥೆ ತಂದಿತು. ಆದರೂ 'ಮೆಡಿಕಲ್ ಫೇಲ್' ಆಗಿ ಊರಿಗೆ ಬಂದವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಸಾಲ ಇದೆ, ತಂಗಿ ಮದುವೆ ಇದೆ, ಜನ ಏನಂತಾರೋ ಅಂತ ಕೆಮ್ಮು ಮುಚ್ಚಿಟ್ಟು ಇನ್ನೊಂದು ದೇಶದ ವೀಸಾ ಹುಡುಕುತ್ತಾರೆ. ಅಷ್ಟರಲ್ಲಿ ಮನೆಯ ಮಕ್ಕಳಿಗೆ ತಗಲಿರುತ್ತದೆ. ಪ್ರಪಂಚದ ಟಿಬಿ ರೋಗಿಗಳಲ್ಲಿ ಕಾಲುಭಾಗದಷ್ಟು ಜನ ಭಾರತದಲ್ಲೇ ಇದ್ದಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಊರಿಗೆ ವಾಪಸಾದವರಿಗೆ ದಾರಿ ಇದೆ. ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ, ಮದ್ದು ಉಚಿತ. ನಿಕ್ಷಯ್ ಯೋಜನೆಯಲ್ಲಿ ಹೆಸರು ಬರೆಸಿದರೆ ಚಿಕಿತ್ಸೆ ನಡೆಯುವಷ್ಟು ಕಾಲ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಉಚಿತ ಸಹಾಯವಾಣಿ 1800-11-6666. ಗಲ್ಫ್‌ನ ಆಸ್ಪತ್ರೆ ಕೊಟ್ಟ ಎಕ್ಸ್‌ರೇ, ಕಫ ಪರೀಕ್ಷೆಯ ಕಾಗದ, ಮಾತ್ರೆಯ ಪಟ್ಟಿ ಎಲ್ಲವನ್ನೂ ಕೇಳಿ ಪಡೆದು ತನ್ನಿ. ಕನಿಷ್ಠ ಮೊಬೈಲಲ್ಲಿ ಫೋಟೋ ಹಿಡಿದುಕೊಳ್ಳಿ.

ಅಮೆರಿಕಕ್ಕೆ ಕಾಯಂ ವಾಸದ ವೀಸಾದಲ್ಲಿ ಹೋಗುವವರಿಗೆ ಊರಲ್ಲೇ ನಿಗದಿತ ಡಾಕ್ಟರಲ್ಲಿ ಮೆಡಿಕಲ್ ಇರುತ್ತದೆ. ಅಲ್ಲಿನ ನಿಯಮ ಬೇರೆ: ಹರಡುವ ಟಿಬಿ ಇದ್ದರೆ ಚಿಕಿತ್ಸೆ ಮುಗಿಸಿ ಆಮೇಲೆ ಹೋಗಬಹುದು. ಹಳೆಯ ಕಲೆ ಮಾತ್ರ ಇದ್ದರೆ, ಕಫ ಪರೀಕ್ಷೆಯಲ್ಲಿ ರೋಗಾಣು ಇಲ್ಲದಿದ್ದರೆ ಹೋಗಲು ಬಿಡುತ್ತಾರೆ, ತಲುಪಿದ ಮೇಲೆ ಅಲ್ಲಿನ ಆರೋಗ್ಯ ಇಲಾಖೆ ಮತ್ತೊಮ್ಮೆ ನೋಡುತ್ತದೆ. ವಿಸಿಟ್ ವೀಸಾಕ್ಕೆ ಈ ಮೆಡಿಕಲ್ ಇಲ್ಲ.

ವಿಮಾನದಲ್ಲಿ ಟಿಬಿ ಹರಡುವ ಬಗ್ಗೆ ಒಂದು ಲೆಕ್ಕ ತಿಳಿದಿರಿ. ಎಂಟು ಗಂಟೆ ಅಥವಾ ಹೆಚ್ಚು ಹೊತ್ತಿನ ಪ್ರಯಾಣವಾದರೆ ರೋಗಿಯ ಸಾಲಿನವರನ್ನೂ ಮುಂದಿನ ಎರಡು, ಹಿಂದಿನ ಎರಡು ಸಾಲಿನವರನ್ನೂ ಹುಡುಕಿ ಪರೀಕ್ಷೆಗೆ ಹೇಳುತ್ತಾರೆ. ಮಂಗಳೂರು-ದುಬೈ ನಾಲ್ಕು ಗಂಟೆಯೊಳಗಿನ ದಾರಿ, ದುಬೈ-ಲಾಸ್ ಏಂಜಲೀಸ್ ಸುಮಾರು 16 ಗಂಟೆ. ಹರಡುವ ಟಿಬಿ ಇರುವವರು ಅಮೆರಿಕಕ್ಕೆ ವಿಮಾನ ಹತ್ತದಂತೆ 2007ರಿಂದ ಒಂದು ತಡೆಪಟ್ಟಿ ಇದೆ. ಚಿಕಿತ್ಸೆಯಿಂದ ಹರಡುವ ಹಂತ ದಾಟಿದರೆ ಹೆಸರು ತೆಗೆಯುತ್ತಾರೆ.

ಕ್ಯಾಲಬಾಸಸ್ ದೇವಸ್ಥಾನ ಮತ್ತು ದಡಾರ

ಲಾಸ್ ಏಂಜಲೀಸ್ ಕೌಂಟಿಯ ಪಶ್ಚಿಮದಲ್ಲಿ, ಗುಡ್ಡಗಳ ನಡುವೆ ಕ್ಯಾಲಬಾಸಸ್ ಅನ್ನುವ ಊರಿದೆ. ಮಾಲಿಬು ಹಿಂದೂ ದೇವಸ್ಥಾನ ಅಂತ ಹೆಸರಾದ ವೆಂಕಟೇಶ್ವರ ಗುಡಿ ಇರುವುದು ಅಲ್ಲೇ. ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡ, ತೆಲುಗು, ತಮಿಳು ಮನೆಯವರು ಹಬ್ಬಕ್ಕೆ, ಮಕ್ಕಳ ಅನ್ನಪ್ರಾಶನಕ್ಕೆ ಸೇರುವ ಜಾಗ. ಊರಿಂದ ಬಂದ ಅಜ್ಜ-ಅಜ್ಜಿಯನ್ನು ಮೊದಲ ವಾರಾಂತ್ಯ ಕರೆದುಕೊಂಡು ಹೋಗುವುದೂ ಇಂಥ ಕಡೆಗೇ. ಮಸೀದಿ, ಚರ್ಚು, ಕನ್ನಡ ಸಂಘದ ಕಾರ್ಯಕ್ರಮ - ಎಲ್ಲ ಕಡೆ ಇದೇ ಚಿತ್ರ: ಹೊಸದಾಗಿ ವಿಮಾನ ಇಳಿದವರು, ಲಸಿಕೆ ಆಗದ ಹಸುಗೂಸುಗಳು, ವಯಸ್ಸಾದವರು ಒಂದೇ ಹಾಲಿನಲ್ಲಿ.

ಗಡಿ ದಾಟಿ ಬಂದ ದಡಾರಕ್ಕೆ ಇಂಥ ಜಾಗ ಸಾಕು. ಹೊರಗಿಂದ ಬಂದ ವೈರಸ್ 2014ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ಪಕ್ಕದ ಡಿಸ್ನಿಲ್ಯಾಂಡಿನಿಂದ ಹರಡಿ ನೂರಕ್ಕೂ ಹೆಚ್ಚು ಜನರಿಗೆ ತಗಲಿತ್ತು. ಅಮೆರಿಕ 2000ದಲ್ಲಿ ದಡಾರ ಹೋಯಿತು ಅಂತ ಘೋಷಿಸಿತ್ತು. 2025ರಲ್ಲಿ ಅಲ್ಲಿ 1992ರ ನಂತರದ ಅತಿ ಹೆಚ್ಚು ಪ್ರಕರಣಗಳು ಬಂದವು. ಈ ವೈರಸ್ ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿರುತ್ತದೆ. ಲಸಿಕೆ ಇಲ್ಲದ ಹತ್ತು ಮಂದಿ ಹತ್ತಿರ ಇದ್ದರೆ ಒಂಬತ್ತು ಮಂದಿಗೆ ತಗಲಬಹುದು. ದದ್ದು ಏಳುವ ನಾಲ್ಕು ದಿನ ಮೊದಲಿಂದಲೇ ಹರಡುತ್ತದೆ, ಆಗ ಅದು ಬರೀ ಶೀತ-ಜ್ವರದ ಥರ ಕಾಣುತ್ತದೆ. ಪಾಸ್‌ಪೋರ್ಟ್ ಕೌಂಟರಿನವರಿಗೆ ಅದು ಗೊತ್ತಾಗುವ ಸಾಧ್ಯತೆ ಕಡಿಮೆ.

ಹೀಗಾಗಿ ಪೋರ್ಟ್ ಹೆಲ್ತ್ ಮತ್ತು ಕೌಂಟಿ ಆರೋಗ್ಯ ಇಲಾಖೆ ಜೊತೆಯಾಗಿ ಕೆಲಸ ಮಾಡುತ್ತವೆ. ವಿಮಾನದಲ್ಲಿ ದಡಾರದ ರೋಗಿ ಇದ್ದರು ಅಂತ ಆಮೇಲೆ ಗೊತ್ತಾದರೆ ಹತ್ತಿರದ ಸಾಲಿನವರಿಗೆ, ಮಡಿಲ ಮಕ್ಕಳಿಗೆ ಫೋನ್ ಬರುತ್ತದೆ. 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ರೋಗ ತಡೆಯಬಹುದು. ಟಿಕೆಟ್ಟಿನಲ್ಲಿ ಏಜೆಂಟನ ನಂಬರೋ ಬಂದ್ ಆದ ಸಿಮ್ಮಿನ ನಂಬರೋ ಇದ್ದರೆ ಆ ಫೋನ್ ನಿಮಗೆ ಸಿಗುವುದೇ ಇಲ್ಲ. ಅಮೆರಿಕದಲ್ಲಿ ಇಳಿದುಕೊಳ್ಳುವ ಮನೆಯ ವಿಳಾಸ, ಮಗನದ್ದೋ ಮಗಳದ್ದೋ ನಂಬರ್ ಕೊಡಿ.

ಗಲ್ಫ್‌ನಿಂದ ಹೊರಡುವವರಿಗೆ

1. ಒಂಟೆ ಮತ್ತು ಮೆರ್ಸ್: 2012ರಲ್ಲಿ ಸೌದಿಯಲ್ಲಿ ಪತ್ತೆಯಾದ ಮೆರ್ಸ್ ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. 2014ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸಿಕ್ಕ ಇಬ್ಬರು ರೋಗಿಗಳೂ ಸೌದಿಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಬಂದವರು. ಮಜ್ರಾದಲ್ಲಿ, ಒಂಟೆ ಸಾಕಣೆಯಲ್ಲಿ ಕೆಲಸ ಮಾಡುವವರು, ಹಸಿ ಒಂಟೆ ಹಾಲು ಕುಡಿದವರು, ಆಸ್ಪತ್ರೆ ಸಿಬ್ಬಂದಿ ಗಲ್ಫ್ ಬಿಟ್ಟ 14 ದಿನದೊಳಗೆ ಜ್ವರ-ಕೆಮ್ಮು ಬಂದರೆ ಆ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

2. ಎಂಪಾಕ್ಸ್: 2022ರ ಜುಲೈ 13ರಂದು ದುಬೈಯಿಂದ ಮಂಗಳೂರಿಗೆ ಬಂದಿಳಿದ ಕಣ್ಣೂರಿನ ಪ್ರಯಾಣಿಕರಲ್ಲಿ ದೇಶದ ಎರಡನೇ ಪ್ರಕರಣ ಗೊತ್ತಾಯಿತು. 2025ರ ಜನವರಿಯಲ್ಲಿ ದುಬೈಯಿಂದ ಮಂಗಳೂರಿಗೆ ಬಂದ ಉಡುಪಿ ಜಿಲ್ಲೆಯವರೊಬ್ಬರಲ್ಲೂ ಕಂಡಿತು. ಜ್ವರದ ಜೊತೆ ಗುಳ್ಳೆಗಳಿದ್ದರೆ ಇಳಿದ ಕೂಡಲೇ ಹೆಲ್ತ್ ಡೆಸ್ಕಿಗೆ ತಿಳಿಸಿ, ಮನೆಯವರನ್ನು ಅಪ್ಪಿಕೊಳ್ಳುವುದು ಆಮೇಲೆ.

3. ಮಕ್ಕಳ ಲಸಿಕೆ: ಆರು ತಿಂಗಳಿಂದ ಹನ್ನೊಂದು ತಿಂಗಳವರೆಗಿನ ಶಿಶುಗಳಿಗೂ ವಿದೇಶ ಪ್ರಯಾಣದ ಮೊದಲು ದಡಾರದ ಒಂದು ಡೋಸ್ ಹಾಕಿಸಲು ಅಮೆರಿಕದ ಡಾಕ್ಟರುಗಳು ಹೇಳುತ್ತಾರೆ. ತಾಯಿ ಕಾರ್ಡಿನ ಫೋಟೋ ಮೊಬೈಲಲ್ಲಿ ಇರಲಿ.

4. ಹಳದಿ ಜ್ವರ: ಕಂಪನಿ ಕೆಲಸಕ್ಕೆ ಗಲ್ಫ್‌ನಿಂದ ಆಫ್ರಿಕಾದ ದೇಶಗಳಿಗೆ ಹೋಗಿ ಊರಿಗೆ ಬರುವವರ ಬಳಿ ಲಸಿಕೆ ಕಾರ್ಡ್ ಇಲ್ಲದಿದ್ದರೆ ಭಾರತದಲ್ಲಿ ಆರು ದಿನದವರೆಗೆ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು.

ಓದುಗರ ಸಾಮಾನ್ಯ ಪ್ರಶ್ನೆಗಳು

ಜ್ವರ ಇದೆ ಅಂದರೆ ಲಾಸ್ ಏಂಜಲೀಸ್‌ನಿಂದ ವಾಪಸ್ ಕಳುಹಿಸುತ್ತಾರಾ?
ಸಾಮಾನ್ಯ ಜ್ವರಕ್ಕೆ ಹಾಗೆ ಮಾಡುವುದಿಲ್ಲ. ಪೋರ್ಟ್ ಹೆಲ್ತ್‌ನವರು ವೀಸಾ ತೀರ್ಮಾನ ಮಾಡುವ ಅಧಿಕಾರಿಗಳಲ್ಲ. ಅವರ ಕೆಲಸ ನಿಮ್ಮ ಕಾಯಿಲೆ ಏನು, ಯಾರಿಗೆ ತಗಲಬಹುದು ಅಂತ ನೋಡುವುದು.

ಆಸ್ಪತ್ರೆಗೆ ಹಾಕಿದರೆ ಬಿಲ್ ಯಾರು ಕಟ್ಟುವುದು?
ಈ ಭಯ ಸುಳ್ಳಲ್ಲ. ಅಮೆರಿಕದ ಆಸ್ಪತ್ರೆ ಖರ್ಚು ಗಲ್ಫ್‌ಗಿಂತಲೂ ದುಬಾರಿ. ವಿಸಿಟ್‌ಗೆ ಹೋಗುವ ಅಪ್ಪ-ಅಮ್ಮನಿಗೆ ಹೊರಡುವ ದಿನದಿಂದಲೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಹಳೆಯ ಕಾಯಿಲೆ ಇದ್ದರೆ ಅದನ್ನು ಪಾಲಿಸಿ ಒಪ್ಪುತ್ತದೆಯೇ ಅಂತ ಓದಿ ನೋಡಿ.

ಹೊರಡುವ ದಿನವೇ ಜ್ವರ ಬಂದರೆ?
ಪ್ರಯಾಣ ಮುಂದೂಡುವುದೇ ಒಳ್ಳೆಯದು. ಟಿಕೆಟ್ ತೆಗೆಯುವಾಗಲೇ ದಿನ ಬದಲಿಸಲು ಆಗುವ ಟಿಕೆಟ್ ನೋಡಿ. ಡಾಕ್ಟರ್ ಚೀಟಿ ಇದ್ದರೆ ಏರ್‌ಲೈನ್ಸ್‌ನವರ ಜೊತೆ ಮಾತಾಡಲು ಸುಲಭ.

ಇಂಗ್ಲಿಷ್ ಬರದ ಅಮ್ಮ ಒಬ್ಬರೇ ಹೋಗುತ್ತಿದ್ದಾರೆ, ಏನು ಮಾಡಲಿ?
ಹೆಸರು, ಕಾಯಿಲೆ, ನುಂಗುವ ಮದ್ದು, ಆದ ಲಸಿಕೆ, ಮಗಳ ನಂಬರ್ - ಇಷ್ಟನ್ನು ಇಂಗ್ಲಿಷಲ್ಲಿ ಒಂದು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. 'ಕನ್ನಡ' ಅಂತ ಹೇಳಿ ದುಭಾಷಿಯನ್ನು ಕೇಳಬಹುದು ಅಂತ ತಿಳಿಸಿ.

ಮನೆಯ ನಾಯಿಯನ್ನು ಕರೆದುಕೊಂಡು ಹೋಗಬಹುದಾ?
2024ರ ಆಗಸ್ಟ್ 1ರಿಂದ ನಿಯಮ ಬಿಗಿ ಆಗಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ಹುಚ್ಚುನಾಯಿ ರೋಗ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇರುವುದರಿಂದ ಹೆಚ್ಚಿನ ದಾಖಲೆಗಳೂ ಬೇಕು.

ಕೊನೆಯದಾಗಿ

ಗಲ್ಫ್‌ನಲ್ಲಿ ಕಾಯಿಲೆ ಹೇಳಿಕೊಂಡರೆ ಅನ್ನಕ್ಕೇ ಕುತ್ತು ಬರಬಹುದು ಅನ್ನುವ ಭಯ ನಮ್ಮವರಿಗೆ ಅನುಭವದಿಂದ ಬಂದದ್ದು. ಅದನ್ನು ಬರೀ ಅಜ್ಞಾನ ಅಂತ ತಳ್ಳಿಹಾಕಲು ಆಗದು. ಹೇಳಿದವರಿಗೆ ಚಿಕಿತ್ಸೆ ಸಿಗುತ್ತದೆ, ಕೆಲಸ ಉಳಿಯುತ್ತದೆ ಅನ್ನುವ ಭರವಸೆ ಸರ್ಕಾರಗಳು ಕೊಟ್ಟರೆ ಜನ ತಾವಾಗಿಯೇ ಬಾಯಿ ಬಿಡುತ್ತಾರೆ. ನಮ್ಮ ಸಂಘ-ಸಂಸ್ಥೆಗಳು, ಜಮಾಅತ್‌ಗಳು ರಾಯಭಾರ ಕಚೇರಿಗಳ ಮುಂದೆ ಇಡಬೇಕಾದ ಬೇಡಿಕೆಗಳಲ್ಲಿ ಇದೂ ಒಂದು. ಮೆಡಿಕಲ್ ಫೇಲ್ ಆಗಿ ವಾಪಸಾಗುವ ಕಾರ್ಮಿಕನ ಚಿಕಿತ್ಸೆಯ ಕಾಗದ ಅವನಿಗಿಂತ ಮೊದಲೇ ಅವನ ಜಿಲ್ಲೆಯ ಆಸ್ಪತ್ರೆಗೆ ತಲುಪಲಿ. ಸ್ಯಾನ್ ಡಿಯಾಗೋದಲ್ಲಿ ಆದದ್ದು ಇಲ್ಲಿ ಆಗಬಾರದು ಅಂತೇನಿಲ್ಲ.

ಅದು ಆಗುವವರೆಗೆ ನಮ್ಮ ಕೈಯಲ್ಲಿ ಇರುವುದಿಷ್ಟು: ಅಮೆರಿಕದಲ್ಲೋ ಮಂಗಳೂರಿನಲ್ಲೋ ಇಳಿಯುವಾಗ ಹುಷಾರಿಲ್ಲದಿದ್ದರೆ ಹೇಳಿ. ಬಾಗಿಲ ಹೊರಗೆ ಕಾಯುತ್ತಿರುವವರು ನಿಮ್ಮ ಮನೆಯವರೇ, ಮೊದಲು ತಗಲುವುದೂ ಅವರಿಗೇ.